ಅಳಿವೆಯಲ್ಲೊಬ್ಬ ಕೆಲಸವಿಲ್ಲದವ

ಫ್ಯಾನು ಐದರಿಂದ ಮೂರಕ್ಕೆ ಇಳಿದರೆ ನಮ್ಮ ಕುಮಟೆಯಲ್ಲಿ ಅದಕ್ಕೆ ಚಳಿಗಾಲ ಎನ್ನುತ್ತೇವೆ. ಎರಡಕ್ಕೆ ಇಳಿದರೆ ಕೊರೆಯುವ ಚಳಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ನೆಂಟರು ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೈ ಕಾಯಿಸಿಕೊಳ್ಳುವ ಹೊತ್ತಿಗೆ ನಾವಿಲ್ಲಿ ಬನಿಯನ್ನಿನಲ್ಲೇ ಚಹಾ ಮುಗಿಸಿರುತ್ತೇವೆ. "ನಿಂಗ್ಳ ಬದಿಗೆ ಚಳಿನೇ ಇಲ್ಲೆ, ಚಳಿಗಾಲದ ಹಕ್ಕಿ ಎಂತಕ್ಕೆ ಬತ್ತು ಮಾರಾಯಾ?" ಎಂದು ನನ್ನ ಭಾವ ಫೋನಿನಲ್ಲಿ ಕೇಳುತ್ತಾನೆ. ಚಳಿ ಇಲ್ಲ ಅಂತಲೇ ಬರುತ್ತವೆ ಎಂದರೆ ನಗುತ್ತಾನೆ. ಆ ನಗೆಯ ಅರ್ಥ ನನಗೆ ಗೊತ್ತು. ಡಿಸೆಂಬರ್ ಜನವರಿ ಎಂದರೆ ಅವನಿಗೆ ಕೊನೆ ಕೊಯ್ಲು. ಕೊನೆಗೌಡನನ್ನು ಹಿಡಿದು ತರುವುದು, ಅಡಿಕೆ ಸುಲಿಯುವವರಿಗೆ ಹೇಳಿ ಕಳಿಸುವುದು, ಮೋಡ ಕಂಡರೆ ಅಂಗಳಕ್ಕೆ ಓಡುವುದು. ಅಂಥ ತಿಂಗಳಲ್ಲಿ ಕುತ್ತಿಗೆಗೆ ದುರ್ಬೀನು ಕಟ್ಟಿಕೊಂಡು ಕೆಸರು ನೋಡಲು ಹೋಗುವವನ ಬಗ್ಗೆ ಅವನಿಗಿರುವ ಅಭಿಪ್ರಾಯ ಸರಿಯಾದದ್ದೇ. ಪಿಂಚಣಿ ಬರುವ ಮನುಷ್ಯ, ತೋಟವಿಲ್ಲ, ಕೊಟ್ಟಿಗೆಯಿಲ್ಲ. ಅಘನಾಶಿನಿ ಅಳಿವೆಯಲ್ಲಿ ಬೆಳಗಿನ ಹೊತ್ತು ಕಣ್ಣಿಗೆ ಬೀಳುವವರಲ್ಲಿ ಕೆಲಸವಿಲ್ಲದವ ನಾನೊಬ್ಬನೇ.

ಮಿಕ್ಕವರಿಗೆಲ್ಲ ಕೆಲಸವೋ ಕೆಲಸ. ಪಾತಿದೋಣಿಯವನು ಬಲೆ ಎಳೆಯುತ್ತಾನೆ. ಹೆಂಗಸರು ಸೊಂಟದ ತನಕ ನೀರಿಗಿಳಿದು ಬೆಳಚು ಎಂಬ ಚಿಪ್ಪನ್ನು ಹೆಕ್ಕುತ್ತಾರೆ. ಗಜನಿ ಎಂಬ ಅಳಿವೆಯ ಗದ್ದೆಯ ಕಟ್ಟೆಯ ಮೇಲೆ ಒಬ್ಬ ಮಣ್ಣು ಮೆತ್ತುತ್ತಿರುತ್ತಾನೆ. ಬಂದ ಹಕ್ಕಿಗಳೂ ಹಾಗೆಯೇ, ಸಾವಿರಾರು ಮೈಲಿ ಹಾರಿ ಬಂದು ಒಂದು ನಿಮಿಷ ತಲೆಯೆತ್ತದೆ ದುಡಿಯುತ್ತವೆ. ಹಕ್ಕಿಗಳ ಸ್ವಚ್ಛಂದದ ಬಗ್ಗೆ ಬರೆಯುವ ಕವಿಗಳು ಇಳಿತದ ಹೊತ್ತಿನಲ್ಲಿ ಇಲ್ಲಿಗೆ ಬಂದು ಒಂದು ಗಂಟೆ ನಿಲ್ಲಬೇಕು.

ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. 120 ಕಿಲೋಮೀಟರಿನ ಆಸುಪಾಸು ಹರಿಯುವ ಹೊಳೆ. ನಡುವೆ ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕುತ್ತದೆ. ಇಷ್ಟು ದೂರದಲ್ಲಿ ಎಲ್ಲಿಯೂ ಇದಕ್ಕೊಂದು ಅಣೆಕಟ್ಟಿಲ್ಲ. ದಕ್ಷಿಣಕ್ಕೆ ಶರಾವತಿ, ಉತ್ತರಕ್ಕೆ ಕಾಳಿ, ಎರಡನ್ನೂ ನಾವು ಹಿಡಿದು ಕಟ್ಟಿ ವಿದ್ಯುತ್ ಹಿಂಡಿದ್ದೇವೆ. ಇದು ಹೇಗೋ ನಮ್ಮ ಕೈ ತಪ್ಪಿಸಿಕೊಂಡಿದೆ. ಹಾಗಾಗಿ ಘಟ್ಟದ ಹೂಳು ತಡೆಯಿಲ್ಲದೆ ಇಳಿದು ಬಂದು ಕೆಳಗೆ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಳಿವೆಯ ತುಂಬ ಸಿಹಿನೀರು. ಮಳೆ ನಿಂತ ಮೇಲೆ ಸಮುದ್ರ ಮೆಲ್ಲಗೆ ಮೇಲೇರಿ ಉಪ್ಪಿನಪಟ್ಟಣದ ಕಡೆಯವರೆಗೂ ಉಪ್ಪು ಮುಟ್ಟಿಸುತ್ತದೆ. ದೀವಗಿಯ ಹೆದ್ದಾರಿ ಸೇತುವೆಯಿಂದ ಕೆಳಕ್ಕೆ ನೋಡಿದರೆ ಹೊಳೆ ಹೋಗಿ ಬಯಲಾಗಿರುತ್ತದೆ: ಐಗಳಕುರ್ವೆ, ಮಾಸೂರುಕುರ್ವೆ ಎಂಬ ನಡುಗಡ್ಡೆಗಳು, ಕಾಂಡ್ಲಾ ಪೊದೆಗಳು, ಗಜನಿ ಗದ್ದೆಗಳು, ಆಮೇಲೆ ಮರಳು ದಿಬ್ಬ, ಆಮೇಲೆ ತದಡಿ ಬಂದರಿಗೂ ಅಘನಾಶಿನಿ ಊರಿಗೂ ನಡುವೆ ಒಂದು ಇಕ್ಕಟ್ಟಾದ ಬಾಯಿ, ಅದರಾಚೆ ಅರಬ್ಬಿ ಸಮುದ್ರ.

ಇಲ್ಲಿ ಹಕ್ಕಿ ನೋಡಲು ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಕಾಡಿನಲ್ಲಾದರೆ ಬೆಳಗಿನ ಆರಕ್ಕೆ ಹೋದರಾಯಿತು. ಅಳಿವೆಯಲ್ಲಿ ಆರು ಗಂಟೆಗೆ ಬರೀ ನೀರು ಕಾಣಬಹುದು, ಹನ್ನೊಂದರ ಬಿಸಿಲಿನಲ್ಲಿ ಕೆಸರು ಬಯಲಾಗಿ ಹಕ್ಕಿ ಮುತ್ತಿಕೊಂಡಿರಬಹುದು. ಹುಣ್ಣಿಮೆ ಅಮಾವಾಸ್ಯೆಗೆ ನಸುಕಿಗೂ ಇಳಿಸಂಜೆಗೂ ಇಳಿತ, ನಡುಹಗಲಿಗೆ ಭರತ. ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದೆ ಹೋಗಿ ಚೌತಿ ಪಂಚಮಿ ಬಂದಾಗ ಬೆಳಗಿನ ಎಂಟು ಒಂಬತ್ತಕ್ಕೆ ನೀರು ಪೂರ್ತಿ ಇಳಿದಿರುತ್ತದೆ. ನನಗೆ ಬೇಕಾದದ್ದು ಅದೇ. ಮೊಬೈಲಿನಲ್ಲಿ ಭರತ ಇಳಿತದ ಕೋಷ್ಟಕ ನಿಮಿಷ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಬೆಳಚು ತೆಗೆಯುವ ಹೆಂಗಸರಲ್ಲಿ ಯಾರೂ ಅದನ್ನು ನೋಡಿದ್ದನ್ನು ನಾನು ಕಾಣೆ. "ಇವತ್ತು ತಿಥಿ ಯಾವ್ದು?" ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಾಳೆ, ಅಷ್ಟೆ. ನಮ್ಮ ಮನೆಯಲ್ಲಿ ಪಂಚಾಂಗ ನೋಡುವುದು ಶ್ರಾದ್ಧಕ್ಕೆ, ಮದುವೆಗೆ, ಏಕಾದಶಿ ಉಪವಾಸಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಶುದ್ಧ ಪಂಚಮಿ, ಬಹುಳ ಪಂಚಮಿಗಳಿಗೆ ಪೆನ್ಸಿಲಿನಿಂದ ಗುರುತು ಹಾಕುವುದನ್ನು ಕಂಡು, ಕೊನೆಗಾಲಕ್ಕಾದರೂ ದೇವರ ಮೇಲೆ ಭಕ್ತಿ ಬಂತಲ್ಲ ಎಂದು ಅಮ್ಮ ಖುಷಿಪಟ್ಟಿದ್ದಳು. ನಾನು ತಿದ್ದಲು ಹೋಗಲಿಲ್ಲ.

ನೀರು ಇಳಿಯಲು ಶುರುವಾದ ಕೂಡಲೇ ಮೊದಲು ಬರುವವು ಗಿಡ್ಡ ಕಾಲಿನವು. ಕೆಸರಿನ ಅಂಚು ಬೆರಳಿನಗಲ ಕಂಡರೆ ಸಾಕು, ಮರಳು ಬಣ್ಣದ ಸ್ಯಾಂಡ್ ಪ್ಲೋವರುಗಳು ಅಲ್ಲಿ ಇಳಿದಿರುತ್ತವೆ. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ಒಂದು ಕುಟುಕು. ಮತ್ತೆ ನಾಲ್ಕು ಹೆಜ್ಜೆ. ಇವುಗಳದ್ದು ಕಣ್ಣಿನ ಬೇಟೆ. ಕೊಕ್ಕು ಚಿಕ್ಕದು, ಕಣ್ಣು ದೊಡ್ಡದು, ಮೇಲ್ಮೈಯಲ್ಲಿ ಅಲುಗಿದ್ದೆಲ್ಲ ಇವುಗಳ ಪಾಲು. ಹಿಂದೆಯೇ ರೆಡ್‌ಶ್ಯಾಂಕು, ಅದರ ಕೊಕ್ಕು ಇನ್ನಷ್ಟು ಆಳ ತಲುಪುತ್ತದೆ. ಕೊನೆಗೆ ಕರ್ಲ್ಯೂ. ಒಂದು ಗೇಣು ಬಾಗಿದ ಕೊಕ್ಕನ್ನು ಬುಡದ ತನಕ ಕೆಸರಿಗೆ ತೂರಿಸಿ, ಒಳಗೆ ತುದಿಯನ್ನಷ್ಟೇ ಬಿಡಿಸಿ, ಆಳದ ಹುಳವನ್ನು ಹಿಡಿದೆಳೆಯುತ್ತದೆ. ಕೊಕ್ಕಿನ ಬುಡ ಮುಚ್ಚಿದ್ದಾಗಲೇ ತುದಿ ತೆರೆಯಬಲ್ಲ ಉಪಾಯ ಈ ಜಾತಿಗೆ ಇದೆ; ತುದಿಯಲ್ಲಿ ಸ್ಪರ್ಶದ ನರಗಳು ಒತ್ತಾಗಿದ್ದು ಕತ್ತಲೆಯ ಕೆಸರಿನಲ್ಲಿ ಹುಳ ಹೊರಳಿದ್ದೂ ತಿಳಿಯುತ್ತದೆ. ಒಂದೇ ಕೆಸರಿನಲ್ಲಿ ಯಾರ ಎಲೆಗೂ ಯಾರೂ ಕೈ ಹಾಕದೆ ಪಂಕ್ತಿ ಊಟ ನಡೆಯುತ್ತದೆ, ಬಡಿಸುವವನು ಚಂದ್ರ.

ಕರ್ಲ್ಯೂ ಏಡಿ ತಿನ್ನುವುದನ್ನು ಹತ್ತಿರದಿಂದ ನೋಡಬೇಕು. ಹಿಡಿದ ತಕ್ಷಣ ನುಂಗುವುದಿಲ್ಲ. ಕಾಲೊಂದನ್ನು ಕೊಕ್ಕಿನ ತುದಿಯಲ್ಲಿ ಹಿಡಿದು ಜಾಡಿಸುತ್ತದೆ, ಏಡಿಯ ಮೈ ಹಾರಿ ಅತ್ತ ಬೀಳುತ್ತದೆ, ಕಾಲು ಕೊಕ್ಕಿನಲ್ಲಿ ಉಳಿಯುತ್ತದೆ. ಮತ್ತೆ ಹೋಗಿ ಹಿಡಿದು ಮತ್ತೆ ಜಾಡಿಸುತ್ತದೆ. ಕೊಂಬುಗಾಲೂ ಕಳಚಿ ಏಡಿ ಗುಂಡಗಾದ ಮೇಲೆ ತಲೆ ಮೇಲೆತ್ತಿ ಒಂದೇ ಗುಟುಕು. ಗಂಟಲಲ್ಲಿ ಉಬ್ಬು ಇಳಿಯುವುದು ದುರ್ಬೀನಿನಲ್ಲಿ ಸ್ಪಷ್ಟ ಕಾಣುತ್ತದೆ. ಇದರ ತಮ್ಮನಂತಿರುವ ವಿಂಬ್ರೆಲ್ ಕಾಂಡ್ಲಾ ಬೇರುಗಳ ಸಂದಿಯಲ್ಲಿ ಒಂಟಿ ಕೊಂಬಿನ ಏಡಿಗಳ ಹಿಂದೆ ಬಿದ್ದಿರುತ್ತದೆ. ಆ ಏಡಿಗಳ ಬಿಲ ಬಾಗಿಕೊಂಡೇ ಇಳಿಯುವುದು, ವಿಂಬ್ರೆಲಿನ ಕೊಕ್ಕೂ ಅಷ್ಟೇ ಬಾಗಿದೆ.

ಒಂದು ಬೆಳಗ್ಗೆ ನಾನು ಕರ್ಲ್ಯೂ ನೋಡುತ್ತ ಗಜನಿ ಕಟ್ಟೆಯ ಮೇಲೆ ಕೂತಿದ್ದಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ದಾರಿಗಡ್ಡ ನಿಂತಳು. "ಮಾಸ್ತರ್ರೇ, ಬಂದರು ಸರ್ವೆಗೆ ಬಂದವ್ರಾ?" ನಮ್ಮ ಕಡೆ ಕನ್ನಡಕ ಮತ್ತು ಹೆಗಲಚೀಲ ಇದ್ದವರೆಲ್ಲ ಮಾಸ್ತರ್ರೇ. ಆದರೆ ಅವಳ ದನಿಯಲ್ಲಿ ಮಾಸ್ತರರಿಗೆ ಸಲ್ಲುವ ಗೌರವ ಇರಲಿಲ್ಲ. ತಪ್ಪಲ್ಲ. ಈ ದಂಡೆಯವರು ಸಲಕರಣೆ ಹಿಡಿದು ನೀರು ನೋಡುವವರನ್ನು ಬಹಳ ಕಂಡಿದ್ದಾರೆ. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಎಂದು ಒಂದು ಕಾಲದಲ್ಲಿ ಬಂದರು, ಜನ ಎದ್ದು ನಿಂತರು, ಅದು ಹೋಯಿತು. ಆಮೇಲೆ ದೊಡ್ಡ ಬಂದರು ಎಂದು ಬಂದರು. ಈಗ ಘಟ್ಟದ ಮೇಲೆ ಹೊಳೆಯನ್ನೇ ವೇದಾವತಿ ನದಿಗೆ ತಿರುಗಿಸುವ ಮಾತು. ಹೀಗಿರುವಾಗ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟೆಲಿಸ್ಕೋಪು ನೆಟ್ಟು, ಆಗಾಗ ಪುಸ್ತಕದಲ್ಲಿ ಏನೋ ಅಂಕಿ ಬರೆದುಕೊಳ್ಳುವ ಮನುಷ್ಯನನ್ನು ಯಾರು ನಂಬುತ್ತಾರೆ? ಹಕ್ಕಿ ಎಣಿಸುತ್ತಿದ್ದೇನೆ ಎಂದೆ. ಎಣಿಸಿ ಎಂತ ಮಾಡ್ತರಿ ಎಂದಳು. ಅದಕ್ಕೆ ನನ್ನ ಬಳಿ ಈವರೆಗೂ ಒಂದು ವಾಕ್ಯದ ಉತ್ತರವಿಲ್ಲ. ಮೀನು ಒಯ್ಯಲು ಬಂದವನೂ ಅಲ್ಲ ಎಂದು ತಿಳಿದ ಮೇಲಂತೂ ಅವಳಿಗೆ ನನ್ನ ಕಥೆ ಪೂರ್ತಿ ಒಡೆಯದ ಒಗಟಾಯಿತು. ಮೀನು ತಿನ್ನದವನಿಗೆ ಹೊಳೆಯಲ್ಲಿ ಏನು ಕೆಲಸ?

ಟೆಲಿಸ್ಕೋಪಿನಲ್ಲಿ ಅವಳಿಗೆ ಆಯ್ಸ್ಟರ್‌ಕ್ಯಾಚರ್ ತೋರಿಸಿದೆ. ಮರಳು ದಿಬ್ಬದ ಅಂಚಿನಲ್ಲಿ ಆರೇಳು ನಿಂತಿದ್ದವು. ಮೇಲೆ ಕಪ್ಪು, ಕೆಳಗೆ ಬಿಳಿ, ಗಜ್ಜರಿ ಬಣ್ಣದ ನೆಟ್ಟನೆಯ ಕೊಕ್ಕು. ರಷ್ಯಾ, ಕಝಾಕಿಸ್ತಾನದ ಕಡೆ ಮರಿ ಮಾಡುವ ಹಕ್ಕಿ. ನಮ್ಮ ಕರಾವಳಿಯಲ್ಲಿ ಎಲ್ಲ ಕಡೆ ಕಾಣಸಿಗುವುದಿಲ್ಲ. ಅಘನಾಶಿನಿಗೆ ಬರುವುದು ಇಲ್ಲಿಯ ಚಿಪ್ಪಿಗಾಗಿ. ಅವಳು ನೋಡುತ್ತಿರುವಾಗಲೇ ಒಂದು ಹಕ್ಕಿಯ ಪಕ್ಕದಲ್ಲಿ ಬೆಳಚು ಬಾಯಿ ಬಿಟ್ಟಿರಬೇಕು. ಹಕ್ಕಿ ಕೊಕ್ಕನ್ನು ಅಡ್ಡ ತಿರುಗಿಸಿ ಆ ಸೀಳಿಗೆ ಹಾಕಿತು, ಒಳಗೆ ಎರಡು ಸಲ ಅತ್ತಿತ್ತ ಆಡಿಸಿತು, ಚಿಪ್ಪು ಸಡಿಲವಾಗಿ ತೆರೆದುಕೊಂಡಿತು. ಎರಡು ಚಿಪ್ಪನ್ನು ಬಿಗಿ ಹಿಡಿಯುವ ಮಾಂಸದ ಗಂಟೊಂದು ಒಳಗಿರುತ್ತದೆ. ಅದು ತುಂಡಾದರೆ ಬಾಗಿಲು ತಾನಾಗಿ ಬಿಡುತ್ತದೆ. ಇವುಗಳಲ್ಲೇ ಕೆಲವಕ್ಕೆ ಹೀಗೆ ಇರಿದು ತೆರೆಯುವ ರೂಢಿ, ಕೆಲವಕ್ಕೆ ಕುಟ್ಟಿ ಒಡೆಯುವ ರೂಢಿ. ಮಾಡುವ ಕೆಲಸಕ್ಕೆ ತಕ್ಕಂತೆ ಕೊಕ್ಕಿನ ತುದಿ ಸವೆದು ಚೂಪಾಗುವುದು, ಮೊಂಡಾಗುವುದು ಉಂಟು.

"ಅಯ್ಯ, ನಾವು ಕತ್ತಿ ಹಾಕೂದು ಅಲ್ಲಿಗೇಯಾ!" ಎಂದಳು ಅವಳು. ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದಳು. ನಿಮ್ಮ ಬೆಳಚನ್ನು ಇದೂ ತಿನ್ನುತ್ತದಲ್ಲ, ಸಿಟ್ಟಿಲ್ಲವಾ ಎಂದು ಕೇಳಿದೆ. "ತಿಂದ್ರೆ ತಿನ್ಲಿ ಬಿಡ್ರಾ. ಹೊಟ್ಟೆಗಾದಷ್ಟು ತಿಂತದೆ. ಪ್ಯಾಟೆಗೆ ಒಯ್ದು ಮಾರೂದಿಲ್ಲಲ್ಲ." ಬುಟ್ಟಿ ಎತ್ತಿಕೊಂಡು ಹೋದಳು. ಅವಳ ಸಿಟ್ಟು ಇರುವುದು ಬೇರೆಯವರ ಮೇಲೆ, ಸುಣ್ಣಕ್ಕೆಂದು ಚಿಪ್ಪನ್ನು ಬುಡ ಸಮೇತ ತೋಡಿ ಒಯ್ಯುವವರ ಮೇಲೆ. ಕೈಯಿಂದ ಹೆಕ್ಕುವವಳು ದೊಡ್ಡದನ್ನು ಆರಿಸಿ ಮರಿಯನ್ನು ಬಿಡುತ್ತಾಳೆ. ತೋಡುವ ಸಲಿಕೆಗೆ ಅಂಥ ಆಯ್ಕೆ ಇಲ್ಲ.

ಸ್ಯಾಂಡ್ ಪ್ಲೋವರಿನ ವಿಷಯ ಅರ್ಧಕ್ಕೆ ಬಿಟ್ಟೆ. ತೂಕ ಅರವತ್ತು ಗ್ರಾಮಿನ ಆಸುಪಾಸು, ಹೆಚ್ಚೆಂದರೆ ಒಂದು ಕೋಳಿಮೊಟ್ಟೆಯ ಭಾರ. ನೋಡಲು ಬೂದು ಕಂದು, ಯಾವ ಠೀವಿಯೂ ಇಲ್ಲ. ಆದರೆ ಇದು ಬರುವುದು ಲಡಾಖ್, ಟಿಬೆಟ್ಟಿನ ಎತ್ತರದ ಬಯಲಿನಿಂದ. ಉಸಿರಾಡಲು ನಮಗೆ ಕಷ್ಟವಾಗುವಲ್ಲಿ ಬೇಸಿಗೆಯಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಹಿಮಾಲಯ ದಾಟಿ, ಸಮುದ್ರ ಮಟ್ಟದ ಈ ರಾಡಿಗೆ ಇಳಿಯುತ್ತದೆ. ಪರಿಣತರು ಈಚಿನ ವರ್ಷಗಳಲ್ಲಿ ಹಳೆಯ ಲೆಸ್ಸರ್ ಸ್ಯಾಂಡ್ ಪ್ಲೋವರನ್ನು ಟಿಬೆಟಿನದು, ಸೈಬೀರಿಯಾದ್ದು ಎಂದು ಎರಡು ಜಾತಿಯಾಗಿ ಪಾಲು ಮಾಡಿದ್ದಾರೆ. ಪಟ್ಟಿ ಬೆಳೆಸುವ ಹುಚ್ಚಿರುವವರು ಅಂದಿನಿಂದ ನಮ್ಮ ಅಳಿವೆಯಲ್ಲಿ ಸೈಬೀರಿಯಾದ್ದನ್ನು ಹುಡುಕುತ್ತ ಪ್ರತಿಯೊಂದು ಬೂದು ಹಕ್ಕಿಯ ಹಣೆ, ಕೊಕ್ಕು, ಕಾಲು ಅಳೆಯುತ್ತಿದ್ದಾರೆ. ಇದಕ್ಕಿಂತ ತುಸು ದಪ್ಪನೆಯ ಗ್ರೇಟರ್ ಸ್ಯಾಂಡ್ ಪ್ಲೋವರೂ ಇದೇ ಗುಂಪಿನಲ್ಲಿ ಬೆರೆತಿರುತ್ತದೆ. ಗ್ರೇಟರೋ ಲೆಸ್ಸರೋ ಎಂಬ ಜಗಳದಲ್ಲಿ ಸ್ನೇಹ ಮುರಿದುಕೊಂಡವರಿದ್ದಾರೆ. ನನ್ನ ಮಟ್ಟಿಗೆ, ಹಕ್ಕಿ ಓಡುತ್ತಿರುವಾಗ ಅದು ಓಡುವುದನ್ನು ನೋಡುತ್ತೇನೆ. ನಿಂತರೆ ಕೊಕ್ಕು ನೋಡುತ್ತೇನೆ. ಗೊತ್ತಾಗದಿದ್ದರೆ 'ಸ್ಯಾಂಡ್ ಪ್ಲೋವರ್' ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ. ಪ್ಲೋವರಿಗೆ ಅದರಿಂದ ನಷ್ಟವಿಲ್ಲ.

ಹುಚ್ಚರ ಮಾತು ಬಂದದ್ದರಿಂದ ಫೋಟೋದವರ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಂಗಳೂರು, ಹುಬ್ಬಳ್ಳಿಯಿಂದ ಶನಿವಾರ ಬಂದು ಭಾನುವಾರ ಹೋಗುವವರು. ಕೈಯಳತೆ ಉದ್ದದ ಲೆನ್ಸು, ಮೈಗೆ ಎಲೆ ಬಣ್ಣದ ಬಟ್ಟೆ. ಎಲೆಯೇ ಇಲ್ಲದ ಬಯಲಿನಲ್ಲಿ ಅದರಿಂದ ಏನು ಮರೆಯೋ ತಿಳಿಯದು. ಕೂತ ಹಕ್ಕಿಯ ಚಿತ್ರ ಸಾಕಾದ ಮೇಲೆ ಹಾರುವ ಚಿತ್ರ ಬೇಕೆಂದು ಕೆಸರಿಗೆ ಇಳಿದು ಗುಂಪನ್ನು ಎಬ್ಬಿಸುತ್ತಾರೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಇಳಿತ ಇರುವುದು ಕೆಲವೇ ಗಂಟೆ, ಹಕ್ಕಿ ಆ ಹೊತ್ತಿನಲ್ಲಿ ಎರಡು ಕೆಲಸ ಮುಗಿಸಬೇಕು: ಆ ದಿನದ ಹೊಟ್ಟೆ, ಮತ್ತು ಏಪ್ರಿಲ್ಲಿನ ಪ್ರಯಾಣಕ್ಕೆ ಬೇಕಾದ ಕೊಬ್ಬು. ಎಬ್ಬಿಸಿದ ಒಂದೊಂದು ಸಲವೂ ಆ ಗಳಿಕೆಯಿಂದ ಖರ್ಚು. 2022ರಲ್ಲಿ ಬಾರ್‌ಟೇಲ್ಡ್ ಗಾಡ್ವಿಟ್ ಎಂಬ ಹಕ್ಕಿಯ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರು ಎಲ್ಲೂ ಇಳಿಯದೆ ಹನ್ನೊಂದು ದಿನದಲ್ಲಿ ಹಾರಿತು. ಬೆನ್ನಿಗೆ ಕಟ್ಟಿದ ಉಪಗ್ರಹದ ಚೀಟಿಯಿಂದ ಅದು ತಿಳಿಯಿತು. ಅದರ ಸೈಬೀರಿಯಾದ ದಾಯಾದಿಗಳು ನಮ್ಮ ಅಳಿವೆಯಲ್ಲೂ ಆಗೊಂದು ಈಗೊಂದು ಕಾಣುತ್ತವೆ. ದಾರಿಯಲ್ಲಿ ನೀರೂ ಕುಡಿಯದ ಆ ಓಟಕ್ಕೆ ಇಂಧನ ಎಂದರೆ ಹೊರಡುವ ಮೊದಲು ಯಾವುದೋ ಕೆಸರಿನಲ್ಲಿ ಯಾರೂ ಎಬ್ಬಿಸದೆ ತಿಂದದ್ದು, ಅಷ್ಟೇ.

ಭರತ ಏರತೊಡಗಿದಾಗ ಊಟ ಮುಗಿಯುತ್ತದೆ. ಕೆಸರು ಮುಳುಗುತ್ತ ಬಂದಂತೆ ಹಕ್ಕಿಗಳು ದಂಡೆಯತ್ತ ಸರಿಯುತ್ತವೆ, ನೋಡುವವನು ಅಲುಗದೆ ಕೂತಿದ್ದರೆ ತಾವಾಗಿ ಹತ್ತಿರ ಬರುತ್ತವೆ. ಭರತಕ್ಕೆ ಎರಡು ಗಂಟೆ ಮೊದಲು ಬೆನ್ನಿಗೆ ಬಿಸಿಲು ಮಾಡಿಕೊಂಡು ಕೂರಬೇಕು ಎಂಬುದು ನನಗೆ ತಿಳಿದ ಒಂದೇ ಗುಟ್ಟು. ಕೊನೆಗೆ ಜಾಗವೇ ಇಲ್ಲವಾದಾಗ ಗುಂಪಾಗಿ ಎದ್ದು ಸಾಣಿಕಟ್ಟಾದ ಉಪ್ಪಿನಾಗರಕ್ಕೋ ಗಜನಿಗೋ ಹೋಗಿ, ನೀರಿಳಿಯುವ ತನಕ ಒಂಟಿ ಕಾಲಲ್ಲಿ ನಿಂತು ನಿದ್ದೆ ಹೊಡೆಯುತ್ತವೆ.

ಉಪ್ಪಿನಾಗರದ ಹದವೇ ಬೇರೆ. ಒಂದರಿಂದ ಇನ್ನೊಂದು ಪಾತಿಗೆ ನೀರು ದಾಟುತ್ತ ಗಟ್ಟಿಯಾಗುತ್ತ ಹೋಗುತ್ತದೆ. ಮೊದಲ ಪಾತಿಗಳಲ್ಲಿ ನೀರು ತೆಳು, ಕೀಟ, ಸಣ್ಣ ಹುಳ ಸಮೃದ್ಧ. ಲಿಟಲ್ ಸ್ಟಿಂಟ್ ಎಂಬ ಗುಬ್ಬಿಗಾತ್ರದ ಹಕ್ಕಿ ಅಲ್ಲಿ ಹೊಲಿಗೆ ಹಾಕಿದ ವೇಗದಲ್ಲಿ ಕುಟುಕುತ್ತ ಹೋಗುತ್ತದೆ. ಉದ್ದ ಕೆಂಪು ಕಾಲಿನ ಸ್ಟಿಲ್ಟು ತನ್ನ ನೆರಳಿನ ಮೇಲೆ ತಾನೇ ಹೆಜ್ಜೆಯಿಡುತ್ತದೆ. ನಮ್ಮ ಮನೆಯ ಅಪ್ಪೆಮಿಡಿಗೆ ತಲೆಮಾರಿನಿಂದ ಸಾಣಿಕಟ್ಟಾದ ಹರಳುಪ್ಪೇ ಆಗಬೇಕು, ಪಾಕೀಟಿನ ಪುಡಿ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ ಎಂಬುದು ಅಮ್ಮನ ಸಿದ್ಧಾಂತ. ಆ ಪಾತಿಗಳಲ್ಲಿ ಸೈಬೀರಿಯಾದ ಹಕ್ಕಿ ಓಡಾಡಿದೆ ಎಂದು ನಾನು ಮನೆಯಲ್ಲಿ ಹೇಳಿಲ್ಲ. ಮಡಿಯ ಪ್ರಶ್ನೆ.

ಗಜನಿ ಇನ್ನೂ ವಿಶೇಷ. ಅಳಿವೆಯ ತಗ್ಗು ಭೂಮಿಗೆ ಕಟ್ಟೆ ಹಾಕಿ, ಹಲಗೆ ಬಾಗಿಲಿಟ್ಟು, ಮಳೆಗಾಲದಲ್ಲಿ ಸಮುದ್ರವನ್ನು ಹೊರಗೆ ನಿಲ್ಲಿಸುತ್ತಾರೆ. ಮಳೆನೀರು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಬಿತ್ತುತ್ತಾರೆ. ನೆರೆಯಲ್ಲಿ ಮುಳುಗಿದರೂ, ಉಪ್ಪು ನೀರು ನುಗ್ಗಿದರೂ ಸುಲಭಕ್ಕೆ ಸಾಯದ ತಳಿ. ಗೊಬ್ಬರ, ಔಷಧಿ ಕೇಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಟ್ಟು ಬಾಗಿಲು ತೆರೆಯುತ್ತಾರೆ. ಭರತದ ನೀರಿನ ಜೊತೆ ಶೆಟ್ಲಿ ಎಂಬ ಸಿಗಡಿಯ ಮರಿ, ಮೀನು ಮರಿ ಒಳಬಂದು ಕೊಳೆವ ಹುಲ್ಲಿನಲ್ಲಿ ಕೊಬ್ಬುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಮೀನು. ಒಂದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು. ಚಳಿಗಾಲದಲ್ಲಿ ಗಜನಿ ಬೆಳ್ಳಕ್ಕಿಗಳಿಂದ ಬಿಳುಪಾಗುವುದು, ಬಿಳಿ ಕತ್ತಿನ ಕೊಕ್ಕರೆ ಇಳಿಯುವುದು, ಹಾವಕ್ಕಿ ರೆಕ್ಕೆ ಒಣಗಿಸುತ್ತ ಗೂಟದ ಮೇಲೆ ಕೂರುವುದು ಎಲ್ಲ ಈ ಬೇಸಾಯದ ಬಾಲಂಗೋಚಿ. ರೈತನಿಗೆ ಹಕ್ಕಿಯಿಂದ ಉಪಕಾರವೇ ಎಂದಲ್ಲ. ನೀಲಿ ಜಂಬುಕೋಳಿ ಪೈರು ಮುರಿಯುತ್ತದೆ, ರಾಟವಾಳ ತೆನೆ ಖಾಲಿ ಮಾಡುತ್ತದೆ, ಕಗ್ಗ ಬೆಳೆಯುವವರು ಕಡಿಮೆಯಾದಷ್ಟೂ ಉಳಿದವರ ಗದ್ದೆಯ ಮೇಲೆ ದಾಳಿ ಜಾಸ್ತಿ. ಅನೇಕ ಗಜನಿಗಳು ಸಿಗಡಿ ಕೊಳಗಳಾಗಿ, ರೋಗ ಬಿದ್ದು, ಈಗ ಏನೂ ಅಲ್ಲದೆ ಬಿದ್ದಿವೆ. ಕಟ್ಟೆ ಒಡೆದ ಗಜನಿಯಲ್ಲಿ ಭತ್ತವೂ ಇಲ್ಲ, ಕೆಲ ವರ್ಷದಲ್ಲಿ ಕೊಕ್ಕರೆಯೂ ಇಲ್ಲ.

ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು 2024ರ ಜನವರಿ 31ರಂದು ಪ್ರಕಟವಾಯಿತು. ಕ್ಯಾಸ್ಪಿಯನ್ ದಂಡೆಯ ಇರಾನಿನ ರಾಮ್ಸಾರ್ ಊರಿನಲ್ಲಿ 1971ರಲ್ಲಿ ಆದ ಒಪ್ಪಂದ ಅದು, ಜೌಗು ನೆಲಗಳಿಗಾಗಿ. ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಹೋಗಿತ್ತು. ಈ ಸಲ ಅಂಕಸಮುದ್ರ, ಮಾಗಡಿ ಕೆರೆ, ಮತ್ತು ನಮ್ಮ 4,801 ಹೆಕ್ಟೇರು. ಸಮುದ್ರದ ಉಪ್ಪು ಮುಟ್ಟುವುದು ನಮ್ಮದೊಂದಕ್ಕೇ. ಒಂದು ಜಾತಿಯ ನೀರಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲು ಒಂದೇ ಜಾಗವನ್ನು ನೆಚ್ಚಿಕೊಂಡಿದ್ದರೆ ಆ ಜಾಗಕ್ಕೆ ಅಂತಾರಾಷ್ಟ್ರೀಯ ಬೆಲೆ ಎಂಬುದು ಅವರ ಒಂದು ಅಳತೆ; ಆಯ್ಸ್ಟರ್‌ಕ್ಯಾಚರ್, ನದಿ ರೀವ, ಹಾವಕ್ಕಿ, ಬಿಳಿ ಕತ್ತಿನ ಕೊಕ್ಕರೆಗಳಲ್ಲಿ ಇಲ್ಲಿ ಆ ಲೆಕ್ಕ ದಾಟುತ್ತದೆ. ಎಣಿಸಿ ಎಂತ ಮಾಡ್ತರಿ ಎಂದವಳಿಗೆ ಇದನ್ನು ಹೇಳಬಹುದಿತ್ತು, ಆದರೆ ನೂರಕ್ಕೆ ಒಂದು ಎಂದರೆ ಬಡ್ಡಿಯ ಮಾತು ಎಂದುಕೊಂಡಾಳು.

ಸುದ್ದಿ ಬಂದಾಗ ಊರಿನಲ್ಲಿ ಎರಡು ಬಗೆಯ ಹೆದರಿಕೆ ಹುಟ್ಟಿತು. ಇನ್ನು ಬೇಲಿ ಹಾಕಿ ನಮ್ಮನ್ನು ಹೊರಗಟ್ಟುತ್ತಾರೆ ಎಂದು ಕೆಲವರು. ಇನ್ನು ರೆಸಾರ್ಟಿನವರು ಬರುತ್ತಾರೆ ಎಂದು ಕೆಲವರು. ಒಪ್ಪಂದದ ಮೂಲಸೂತ್ರ ಜೌಗು ನೆಲದ ವಿವೇಕದ ಬಳಕೆ. ಬಳಸಬೇಡಿ ಎಂದು ಅದು ಹೇಳುವುದಿಲ್ಲ. ಮೀನು, ಬೆಳಚು, ಏಡಿ, ಕಗ್ಗ, ಉಪ್ಪು ಇವೆಲ್ಲ ಸೇರಿ 6,000ದಿಂದ 7,500 ಕುಟುಂಬಗಳ ಹೊಟ್ಟೆಪಾಡು ಈ ಅಳಿವೆ ಎಂದು ಸರಕಾರದ ವಿವರಣೆಯೇ ಹೇಳುತ್ತದೆ. ನನಗೆ ಅನಿಸುವುದಿಷ್ಟು: ಕಾಡಿನ ಅಭಯಾರಣ್ಯದ ಫಲಕವನ್ನು ಕಿತ್ತು ತಂದು ಇಲ್ಲಿ ನೆಟ್ಟರೆ ಆಗುವುದಿಲ್ಲ. ಒಳಗೆ ಪ್ರವೇಶವಿಲ್ಲ ಎಂದು ಯಾರಿಗೆ ಹೇಳುವುದು? ಕಟ್ಟೆ ಮೆತ್ತುವವನು ಮನೆಗೆ ಹೋದರೆ ಗಜನಿ ಇಲ್ಲ, ಆಗರದವನು ಹೋದರೆ ಪಾತಿ ಇಲ್ಲ. ಪ್ರವೇಶವಿಲ್ಲ ಎನ್ನಲೇಬೇಕಾದರೆ ಅದು ಲೆನ್ಸಿನವರಿಗೆ, ಸಲಿಕೆಯವರಿಗೆ, ಬೇಕಾದರೆ ನನಗೆ.

ತದಡಿ ಬಂದರಿನ ಗಲ್ಲು ಎಂಬ ಕಡಲಹಕ್ಕಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ತಮ್ಮ ಪ್ರಚಾರ ತಾವೇ ಮಾಡಿಕೊಳ್ಳುತ್ತವೆ. ಟ್ರಾಲರ್ ಬೋಟು ಒಳಬಂದರೆ ಸಾಕು, ಕಂದುತಲೆಯ ಗಲ್ಲು, ಹ್ಯೂಗ್ಲಿನ್ ಗಲ್ಲು ಎಲ್ಲ ಕಿರುಚುತ್ತ ಬೆನ್ನು ಹತ್ತುತ್ತವೆ. ಮೊದಲನೆಯದು ಹಿಮಾಲಯದಾಚೆಯ ಎತ್ತರದ ಸರೋವರಗಳದ್ದು, ಎರಡನೆಯದು ಉತ್ತರ ರಷ್ಯಾದ ಟುಂಡ್ರಾದ್ದು. ಎರಡೂ ಇಲ್ಲಿ ಬಲೆಯಿಂದ ಎಸೆದ ಕಸಮೀನಿಗೆ ಜಗಳವಾಡುತ್ತವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಗಲ್ಲುಗಳೂ ಊರಿಗೆ ಹೋಗಿರುವುದರಿಂದ ಅವಕ್ಕೆ ಸರಕಾರದ ಮೇಲೆ ದೂರಿಲ್ಲ. ನೋಡಬೇಕಾದದ್ದು ಆಸ್ಪ್ರೇ ಎಂಬ ಮೀನು ಹಿಡಿಯುವ ಹದ್ದನ್ನು. ಬಂದರಿನ ಗದ್ದಲದಿಂದ ತುಸು ಮೇಲಕ್ಕೆ, ಹೊಳೆಯ ನಡುವಿನ ಬಲೆಗೂಟದ ಮೇಲೆ ಒಂದೇ ಕೂತಿರುತ್ತದೆ. ಎದ್ದು, ಗಾಳಿಯಲ್ಲಿ ನಿಂತು, ಕಾಲು ಮುಂದೆ ಮಾಡಿ ಬೀಳುತ್ತದೆ. ಎದ್ದ ಮೇಲೆ ಒಂದು ಸಲ ಮೈ ಕೊಡವಿ, ಅಡ್ಡಲಾಗಿ ಸಿಕ್ಕ ಮೀನನ್ನು ಹಾರುತ್ತಲೇ ತಿರುಗಿಸಿ ತಲೆ ಮುಂದಾಗಿ ಹಿಡಿದುಕೊಳ್ಳುತ್ತದೆ, ಗಾಳಿ ಸೀಳಲು. ಅಷ್ಟರಲ್ಲಿ ಗರುಡ ಬಂದು ಕಿತ್ತುಕೊಳ್ಳಲು ನೋಡುತ್ತದೆ. ದೇವಸ್ಥಾನದ ಮೇಲೆ ಕಂಡರೆ ನಾವು ಕೈಮುಗಿಯುವ ಗರುಡನೇ.

ಮಾರ್ಚಿಯಲ್ಲಿ ಪ್ಲೋವರುಗಳ ಎದೆಗೆ ಕಾವಿ ಬಣ್ಣ ಏರತೊಡಗುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಹೆಚ್ಚಿನವು ಹೊರಟಿರುತ್ತವೆ. ಎಲ್ಲವೂ ಹೋಗುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿದ ವಿಷಯ. ಹಿಂದಿನ ವರ್ಷವಷ್ಟೇ ಹುಟ್ಟಿದ ಎಳೆಯವು, ಕರ್ಲ್ಯೂ, ವಿಂಬ್ರೆಲ್, ಪ್ಲೋವರುಗಳಲ್ಲಿ ಕೆಲವು, ಇನ್ನೂ ಮರಿ ಮಾಡುವ ವಯಸ್ಸಾಗದವು, ಅಷ್ಟು ದೂರ ಹೋಗಿ ಏನು ಮಾಡುವುದೆಂದು ಇಲ್ಲೇ ಉಳಿದುಬಿಡುತ್ತವೆ. ಬಣ್ಣವೂ ಏರುವುದಿಲ್ಲ, ಬೂದಾಗಿಯೇ ಇರುತ್ತವೆ. ಊರಿಗೆ ಊರೇ ದುಡಿಯಲು ಹೋದಾಗ ಉಳಿದ ಈ ಬೇಕಾರಿಗಳನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಇವನ್ನು ನೋಡಲು ಮೇ ತಿಂಗಳಲ್ಲಿ ಹೋಗಬೇಕು.

ಅದೊಂದೇ ತೊಡಕು. ಮೇ ಎಂದರೆ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ. ಬೆಳಗ್ಗೆಯಿಂದ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಮಾಳಿಗೆಯ ಮೇಲೆ ಚಾಪೆಯಲ್ಲಿ ಹರವಿದ ಮೇಲೆ ಕಾಗೆ ಕಾಯಲು ಒಬ್ಬರು ಬೇಕು. "ಹೆಂಗಿದ್ರೂ ಹಕ್ಕಿ ನೋಡದೇ ಅಲ್ದಾ, ಇಲ್ಲೇ ಕುಂತು ನೋಡಿ" ಎಂದು ಹೆಂಡತಿ ನನ್ನ ದುರ್ಬೀನನ್ನೂ ಕೊಡೆಯನ್ನೂ ತಂದು ಕೈಗಿತ್ತಳು. ಹತ್ತು ಅಡಿ ದೂರದ ಕಾಗೆಗೆ ದುರ್ಬೀನು ಬೇಕಾಗುವುದಿಲ್ಲ, ಕೋಲು ಬೇಕು. ಪಂಚಮಿಯ ದಿನ, ಇಳಿತ ಎಂಟೂವರೆಗೆ. ಆ ಬೆಳಗಿನ ಪಟ್ಟಿಯಲ್ಲಿ ಊರಕಾಗೆ, ಕಾಡುಕಾಗೆ ಎರಡೇ ಇವೆ. ಹೋದ ಹಪ್ಪಳ ಒಂಬತ್ತು ಎಂದು ಪಕ್ಕದಲ್ಲಿ ಅವಳ ಕೈಬರಹ.